ಮೊಬೈಲಿನಲ್ಲಿ ಕನ್ನಡ ಬರೆಯಲು ಗಾಜು ಸಾಕಾ, ಗುಂಡಿ ಬೇಕಾ?

ಮೊಬೈಲಿಗೋ ಟ್ಯಾಬಿಗೋ ಒಂದು ಬ್ಲೂಟೂತ್ ಕೀಬೋರ್ಡ್ ತಗೊಂಡರೆ ಕನ್ನಡ ಬೇಗ ಬರೆಯಬಹುದಾ? ಇದನ್ನು ಕೇಳುವವರಲ್ಲಿ ಎರಡು ಬಗೆ. ದಿನವಿಡೀ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹೆಬ್ಬೆರಳು ನೋಯಿಸಿಕೊಂಡವರು ಒಂದು ಬಗೆ. ಕಂಪ್ಯೂಟರಿನಲ್ಲಿ 'ನುಡಿ' ಎಂಬ ಕನ್ನಡ ಕೀಬೋರ್ಡ್ ವಿನ್ಯಾಸ ಕಲಿತು, ಮೊಬೈಲ್ ಹಿಡಿದ ಕೂಡಲೇ ಕೈ ಕಟ್ಟಿಹಾಕಿದಂತಾದವರು ಇನ್ನೊಂದು ಬಗೆ. ಇಬ್ಬರಿಗೂ ಒಂದೇ ಉತ್ತರ ಕೊಡುವುದು ಸರಿಯಲ್ಲ.

ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರಿಗೆ ಈ ಆಯ್ಕೆ ಸುಲಭ. ಯಾವ ಕೀಬೋರ್ಡ್ ಜೋಡಿಸಿದರೂ ಇಂಗ್ಲಿಷ್ ಅಕ್ಷರ ಬಂದೇ ಬರುತ್ತದೆ. ಕನ್ನಡದವರ ಕಥೆ ಹಾಗಲ್ಲ. ನಾವು ಮೊದಲು ನಿರ್ಧರಿಸಬೇಕಾದದ್ದು ಯಾವ ವಿಧಾನದಲ್ಲಿ ಟೈಪ್ ಮಾಡುತ್ತೇವೆ ಅನ್ನುವುದನ್ನು. ಅದು ಗೊತ್ತಾದರೆ ಗಾಜೋ (ಪರದೆಯ ಮೇಲಿನ ಕೀಬೋರ್ಡ್) ಗುಂಡಿಯೋ (ಬೇರೆಯಾಗಿ ಜೋಡಿಸುವ ಕೀಬೋರ್ಡ್) ಎಂಬುದು ಮುಕ್ಕಾಲು ಪಾಲು ತಾನಾಗಿಯೇ ಇತ್ಯರ್ಥವಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅಂಗಡಿಗೆ ಹೋಗುವ ಮಾತು ಕೊನೆಯ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ದುಡ್ಡು ಜೇಬಿನಲ್ಲೇ ಇರಲಿ.

ಗುಂಡಿಗಳು ಎಲ್ಲಿ ಹೋದವು?

ಒಂದು ಕಾಲಕ್ಕೆ ಕೈಯಲ್ಲಿ ಹಿಡಿಯುವ ಫೋನಿಗೇ ಪೂರ್ತಿ ಕೀಬೋರ್ಡ್ ಇರುತ್ತಿತ್ತು. ಕೆನಡಾದ ಬ್ಲ್ಯಾಕ್‌ಬೆರಿ, ನೋಕಿಯಾದ ಇ71, ಇ63 ನೆನಪಿರಬಹುದು. 2007ರಲ್ಲಿ ಐಫೋನ್ ಗುಂಡಿಗಳನ್ನು ಕಿತ್ತುಹಾಕಿತು. ಆಂಡ್ರಾಯ್ಡ್‌ನ ಮೊದಲ ಫೋನು, 2008ರ ಎಚ್‌ಟಿಸಿ ಡ್ರೀಮ್‌ನಲ್ಲಿ ಪರದೆಯ ಕೆಳಗಿನಿಂದ ಜಾರಿ ಬರುವ ಕೀಬೋರ್ಡ್ ಇತ್ತು. ಪರದೆಯ ಮೇಲಿನ ಕೀಬೋರ್ಡ್ ಆಂಡ್ರಾಯ್ಡ್‌ಗೆ ಬಂದದ್ದು 2009ರಲ್ಲಿ. ಆಮೇಲೆ ಗುಂಡಿಗಳ ಕಾಲ ಬೇಗ ಮುಗಿಯಿತು. 2022ರ ಜನವರಿ 4ಕ್ಕೆ ಹಳೆಯ ಬ್ಲ್ಯಾಕ್‌ಬೆರಿ ಫೋನುಗಳ ಸೇವೆಯೂ ನಿಂತಿತು.

ಕನ್ನಡದ ಮಟ್ಟಿಗೆ ಇದರಿಂದ ನಷ್ಟವಾಯಿತು ಅಂತ ನಾನು ಹೇಳಲಾರೆ. ಗುಂಡಿಗಳ ಕಾಲದಲ್ಲಿ ನಾವು ಫೋನಿನಲ್ಲಿ ಬರೆದದ್ದು ಬಹುಪಾಲು ಇಂಗ್ಲಿಷ್ ಅಕ್ಷರದ ಕನ್ನಡವೇ, ಅಲ್ವಾ? ಪ್ಲಾಸ್ಟಿಕ್ ಗುಂಡಿಯ ಮೇಲೆ ಅಚ್ಚಾದ ಅಕ್ಷರ ಬದಲಾಗುವುದಿಲ್ಲ. ಗಾಜು ಯಾವ ಲಿಪಿ ಬೇಕಾದರೂ ತೋರಿಸುತ್ತದೆ. ನಮ್ಮದು 49 ಅಕ್ಷರಗಳ ವರ್ಣಮಾಲೆ. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇಷ್ಟನ್ನೂ 26 ಗುಂಡಿಗೆ ಹೊಂದಿಸುವುದು ಯಾವತ್ತೂ ಕಷ್ಟದ ಕೆಲಸ. ಫೋನಿನಲ್ಲಿ ಕನ್ನಡ ಲಿಪಿ ಇಷ್ಟು ಹರಡಿದ್ದು ಗಾಜು ಬಂದ ಮೇಲೆಯೇ.

ಹೆಜ್ಜೆ 1: ಏನು ಬರೆಯುತ್ತೀರಿ, ಎಲ್ಲಿ ಕೂತು ಬರೆಯುತ್ತೀರಿ?

ನಿನ್ನೆ ಮೊನ್ನೆ ನೀವು ಕಳಿಸಿದ ಸಂದೇಶಗಳನ್ನು ಒಮ್ಮೆ ಮೇಲಕ್ಕೆ ಜಾರಿಸಿ ನೋಡಿ. 'ಸರಿ', 'ಹೊರಟೆ', 'ನಾಳೆ ಫೋನ್ ಮಾಡ್ತೀನಿ' – ಹೀಗೇ ಇದ್ದರೆ ಹೊಸ ಸಾಮಾನು ಯಾವುದೂ ಬೇಡ. ನೇರ ಮೂರನೇ ಹೆಜ್ಜೆಗೆ ಹೋಗಿ, ಇರುವ ಕೀಬೋರ್ಡನ್ನೇ ಸರಿಮಾಡಿಕೊಳ್ಳಿ.

ಬರೆದದ್ದನ್ನು ಓದಲು ಮತ್ತೆ ಮತ್ತೆ ಮೇಲಕ್ಕೆ ಜಾರಿಸಬೇಕಾಗುತ್ತದೆಯೇ? ಸಂಘದ ಸಭೆಯ ನಡಾವಳಿ, ಶಾಲೆಯ ವರದಿ, ಕಥೆ, ವಿಕಿಪೀಡಿಯ ಲೇಖನ, ಪತ್ರಿಕೆಗೆ ಸುದ್ದಿ – ಇಂಥದ್ದನ್ನು ಬರೆಯುವವರು ಗುಂಡಿಯ ಕೀಬೋರ್ಡಿನ ಬಗ್ಗೆ ಯೋಚಿಸಬಹುದು. ವೇಗ ಎರಡನೇ ಮಾತು. ಮೊದಲ ಲಾಭ ಜಾಗ. ಪರದೆಯ ಕೀಬೋರ್ಡ್ ತೆರೆದರೆ ಪರದೆಯ ಅರ್ಧದಷ್ಟನ್ನು ಅದೇ ನುಂಗುತ್ತದೆ. ಫೋನನ್ನು ಅಡ್ಡ ಹಿಡಿದರಂತೂ ಬರೆದದ್ದರಲ್ಲಿ ಎರಡು ಮೂರು ಸಾಲು ಕಂಡರೆ ಹೆಚ್ಚು. ಹಿಂದಿನ ಪ್ಯಾರಾದಲ್ಲಿ ಏನು ಹೇಳಿದ್ದೆವು ಅನ್ನುವುದೇ ಕಾಣದೆ ಉದ್ದದ ಬರಹ ಬರೆಯುವುದು ಕಷ್ಟ.

ಇನ್ನು ಜಾಗದ ಇನ್ನೊಂದು ಅರ್ಥ. ಬೇರೆ ಕೀಬೋರ್ಡಿಗೆ ಮೇಜು ಬೇಕು, ಫೋನ್ ನಿಲ್ಲಿಸಲು ಒಂದು ಸ್ಟ್ಯಾಂಡ್ ಬೇಕು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೆ, ಸರತಿಯಲ್ಲಿ ಕಾಯುವವರಿಗೆ, ಮಲಗಿ ಬರೆಯುವವರಿಗೆ ಗಾಜೇ ಗತಿ. ನಿಮ್ಮ ಬರವಣಿಗೆ ನಡೆಯುವುದೇ ಓಡಾಟದ ನಡುವೆ ಅಂತಾದರೆ ಎಷ್ಟು ಚೆಂದದ ಕೀಬೋರ್ಡ್ ಕೊಂಡರೂ ಅದು ಕಪಾಟಿನಲ್ಲೇ ಇರುತ್ತದೆ.

ಹೆಜ್ಜೆ 2: ನಿಮ್ಮ ಟೈಪಿಂಗ್ ವಿಧಾನ ಯಾವುದು?

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಆಯ್ಕೆ ನಿಂತಿರುವುದೇ ಇದರ ಮೇಲೆ. ಕನ್ನಡ ಟೈಪಿಂಗಿಗೆ ಸದ್ಯ ಚಾಲ್ತಿಯಲ್ಲಿರುವ ದಾರಿಗಳು ಮೂರು.

ಮೊದಲನೆಯದು ಲಿಪ್ಯಂತರ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆ್ಯಪ್ ಅದನ್ನು ಕನ್ನಡಕ್ಕೆ ತಿರುಗಿಸಿ, ಮೇಲಿನ ಪಟ್ಟಿಯಲ್ಲಿ ನಾಲ್ಕೈದು ಪದ ತೋರಿಸುತ್ತದೆ. ಜಿಬೋರ್ಡ್, ಸ್ವಿಫ್ಟ್‌ಕೀ ಎಂಬ ಎರಡು ಕೀಬೋರ್ಡ್ ಆ್ಯಪ್‌ಗಳಲ್ಲೂ ಇದೆ. ಕಲಿಯುವ ಕಷ್ಟವಿಲ್ಲ. ಮನೆಯಲ್ಲಿ ಕನ್ನಡ ಮಾತಾಡುತ್ತಾ ಓದಿದ್ದೆಲ್ಲ ಇಂಗ್ಲಿಷಿನಲ್ಲಿ ಅನ್ನುವವರಿಗೆ, ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಇದೇ ಮೊದಲ ಮೆಟ್ಟಿಲು.

ಎರಡನೆಯದು ಇನ್‌ಸ್ಕ್ರಿಪ್ಟ್. ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯಲ್ಲಿ ಹೊಂದುವಂತೆ ಕೇಂದ್ರ ಸರ್ಕಾರ ಮಾಡಿಸಿದ ವಿನ್ಯಾಸ. 1991ರ ಭಾರತೀಯ ಮಾನಕದಲ್ಲಿ ಸೇರಿದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಿಂದಿಯಲ್ಲಿ ಕಲಿತ ಕೈ ಕನ್ನಡದಲ್ಲೂ ಅಲ್ಲೇ ಹೋಗುತ್ತದೆ.

ಮೂರನೆಯದು ನುಡಿ ವಿನ್ಯಾಸ. ಕೆ.ಪಿ. ರಾವ್ ರೂಪಿಸಿದ್ದು. ಕರ್ನಾಟಕ ಸರ್ಕಾರ ಒಪ್ಪಿಕೊಂಡಿದ್ದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಿಂದ ಊರೂರಿಗೆ ಹೋಯಿತು. ಡಿಟಿಪಿ ಅಂಗಡಿ, ಪತ್ರಿಕೆ ಕಚೇರಿ, ಸರ್ಕಾರಿ ಕಚೇರಿ ಎಲ್ಲೆಡೆ ಇದರಲ್ಲಿ ಪಳಗಿದ ಕೈಗಳಿವೆ. ಇಂಗ್ಲಿಷ್ ಗುಂಡಿಯ ಸದ್ದಿಗೆ ಹತ್ತಿರದ ಕನ್ನಡ ಅಕ್ಷರ ಅದೇ ಗುಂಡಿಯಲ್ಲಿ ಇರುತ್ತದೆ. ಒತ್ತಕ್ಷರಕ್ಕೆ 'ಎಫ್' ಗುಂಡಿ.

'ಕನ್ನಡ' ಅಂತಲೇ ಬರೆದು ನೋಡೋಣ. ನುಡಿಯಲ್ಲಿ ಒತ್ತಬೇಕಾದ ಗುಂಡಿಗಳು ಕೆ, ಎನ್, ಎಫ್, ಎನ್, ಡಬ್ಲ್ಯು. ಒಟ್ಟು ಐದು. ಇನ್‌ಸ್ಕ್ರಿಪ್ಟ್‌ನಲ್ಲೂ ಐದೇ, ಗುಂಡಿಗಳು ಬೇರೆ. ಲಿಪ್ಯಂತರದಲ್ಲಿ ಏಳು ಅಕ್ಷರ ಒತ್ತಿ, ಸ್ಪೇಸ್ ಒತ್ತಬೇಕು ಇಲ್ಲವೇ ಪಟ್ಟಿಯಿಂದ ಆರಿಸಬೇಕು.

ಗುಂಡಿಗಳ ಲೆಕ್ಕಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆ ಇದೆ. ಲಿಪ್ಯಂತರ ಅಂದರೆ ಊಹೆ. 'ಕಲೆ', 'ಕಳೆ' ಎರಡನ್ನೂ ನಾವು ಇಂಗ್ಲಿಷಿನಲ್ಲಿ ಒಂದೇ ಥರ ಬರೆಯುತ್ತೇವೆ. ಹೊಲದಲ್ಲಿ ಕಳೆ ಕೀಳಿಸಬೇಕು ಅಂತ ಬರೆದವರು ಪಟ್ಟಿ ನೋಡದೆ ಸ್ಪೇಸ್ ಒತ್ತಿದರೆ ಕಲೆ ಕೀಳಿಸುವ ಸಂದೇಶ ಹೋಗುತ್ತದೆ. ನ–ಣ, ಲ–ಳ, ಹ್ರಸ್ವ–ದೀರ್ಘ ಎಲ್ಲದರಲ್ಲೂ ಇದೇ ಪಾಡು. ಧಾರವಾಡದ ಮಾತನ್ನೋ ಕುಂದಾಪುರದ ಮಾತನ್ನೋ ಹಾಗೇ ಬರೆಯಲು ಹೊರಟರೆ ಊಹೆ ಇನ್ನಷ್ಟು ತಪ್ಪುತ್ತದೆ. ಆದ್ದರಿಂದ ಲಿಪ್ಯಂತರದವರ ಕಣ್ಣು ಸದಾ ಆ ಪಟ್ಟಿಯ ಮೇಲೆ ಇರಲೇಬೇಕು. ನುಡಿಯಲ್ಲಿ, ಇನ್‌ಸ್ಕ್ರಿಪ್ಟ್‌ನಲ್ಲಿ ಊಹೆಯೇ ಇಲ್ಲ. ಒತ್ತಿದ್ದೇ ಬರುತ್ತದೆ. ತಪ್ಪಿದರೆ ಅದು ಬೆರಳಿನ ತಪ್ಪು.

ಈಗ ಇದನ್ನು ಕೀಬೋರ್ಡಿಗೆ ಜೋಡಿಸಿ ನೋಡಿ. ಲಿಪ್ಯಂತರದವರಿಗೆ ಬೇರೆ ಕೀಬೋರ್ಡ್ ಕೊಟ್ಟರೆ ಏನಾಗುತ್ತದೆ? ಬೆರಳು ಮೇಜಿನ ಮೇಲಿನ ಗುಂಡಿಯಲ್ಲಿ, ಆರಿಸಬೇಕಾದ ಪದ ಗಾಜಿನ ಮೇಲೆ. ನಾಲ್ಕು ಪದಕ್ಕೊಮ್ಮೆ ಕೈ ಎತ್ತಿ ಪರದೆ ಮುಟ್ಟಬೇಕು. ಗುಂಡಿಯಿಂದ ಬಂದ ವೇಗವೆಲ್ಲ ಅಲ್ಲಿಗೆ ಹೋಯಿತು. ಅದೇ ಗಾಜಿನ ಕೀಬೋರ್ಡಿನಲ್ಲಿ ಪಟ್ಟಿ ಹೆಬ್ಬೆರಳಿಗೆ ಒಂದಿಂಚು ದೂರದಲ್ಲಿ ಇರುತ್ತದೆ. ಲಿಪ್ಯಂತರಕ್ಕೆ ಗಾಜೇ ಹೊಂದುತ್ತದೆ.

ನುಡಿಯ ಕಥೆ ತಿರುಗುಮುರುಗು. 'ಅಂಗಳ' ಬರೆಯಲು ಗುಂಡಿಗಳು ನಾಲ್ಕೇ. ಆದರೆ ಸೊನ್ನೆಗೆ ಒಮ್ಮೆ, ಳ ಅಕ್ಷರಕ್ಕೆ ಒಮ್ಮೆ ಶಿಫ್ಟ್ ಬೇಕು. ಗಾಜಿನ ಮೇಲೆ ಶಿಫ್ಟ್ ಅಂದರೆ ಬೇರೆಯೇ ಒಂದು ಒತ್ತು. ಒತ್ತಿದ ಕೂಡಲೇ ಇಡೀ ಕೀಬೋರ್ಡಿನ ಅಕ್ಷರಗಳು ಬದಲಾಗುತ್ತವೆ, ಕಣ್ಣು ಮತ್ತೆ ಹುಡುಕಬೇಕು. ನಾಲ್ಕು ಒತ್ತು ಆರಾಗುತ್ತದೆ. ದೀರ್ಘ, ಮಹಾಪ್ರಾಣ, ಣ, ಳ, ಸೊನ್ನೆ – ಕನ್ನಡದಲ್ಲಿ ಶಿಫ್ಟ್ ಇಲ್ಲದ ಸಾಲು ಸಿಗುವುದೇ ಅಪರೂಪ. ನಿಜವಾದ ಕೀಬೋರ್ಡಿನಲ್ಲಿ ಕಿರುಬೆರಳು ಶಿಫ್ಟ್ ಒತ್ತಿ ಹಿಡಿದಿರುವಾಗಲೇ ಇನ್ನೊಂದು ಕೈ ಅಕ್ಷರ ಒತ್ತುತ್ತದೆ. ನುಡಿ ಬಲ್ಲವರಿಗೆ ಮೊಬೈಲಿನಲ್ಲಿ ಉಸಿರುಗಟ್ಟುವುದು ಈ ಶಿಫ್ಟಿನಿಂದಲೇ.

ಹಾಗಾದರೆ ಲೆಕ್ಕ ಹೀಗೆ. ನುಡಿಯಲ್ಲೋ ಇನ್‌ಸ್ಕ್ರಿಪ್ಟ್‌ನಲ್ಲೋ ಕೈ ಪಳಗಿದ್ದರೆ, ಉದ್ದದ ಬರಹ ಬರೆಯುವವರಾಗಿದ್ದರೆ, ಗುಂಡಿ ನಿಮಗೆ. ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ಬರುವವರಾದರೆ ಗಾಜು ನಿಮಗೆ. ಲಿಪ್ಯಂತರದವರು ಗುಂಡಿಗೆ ಹೋಗಲೇಬೇಕು ಅಂತಿದ್ದರೆ ಕೀಬೋರ್ಡ್ ಕೊಳ್ಳುವ ಮುಂಚೆ ನುಡಿ ಕಲಿಯಿರಿ. ಸರ್ಕಾರಿ ಕೆಲಸಕ್ಕೆ ಕನ್ನಡ ಬೆರಳಚ್ಚು ಕಲಿಯುತ್ತಿರುವವರಿಗೆ ಈ ಚರ್ಚೆಯೇ ಬೇಡ. ಗಾಜಿನ ಮೇಲೆ ಎಷ್ಟು ಅಭ್ಯಾಸ ಮಾಡಿದರೂ ಆ ಪರೀಕ್ಷೆಗೆ ಕೈ ಕೂರುವುದಿಲ್ಲ.

ಹೆಜ್ಜೆ 3: ಮೊದಲು ಗಾಜನ್ನೇ ಹದಕ್ಕೆ ತನ್ನಿ

ಅನೇಕರಿಗೆ ಮೊಬೈಲ್ ಟೈಪಿಂಗ್ ಬೇಸರ ಬರುವುದು ಕೀಬೋರ್ಡ್ ಆ್ಯಪನ್ನು ಹೇಗೆ ಬಂತೋ ಹಾಗೇ ಬಳಸುವುದರಿಂದ. ಅರ್ಧ ಗಂಟೆ ಕೂತರೆ ಬಹಳಷ್ಟು ಸರಿಹೋಗುತ್ತದೆ.

ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಭಾಷೆಗಳನ್ನು ನೋಡಿ. ಕನ್ನಡ, ಇಂಗ್ಲಿಷ್ ಎರಡೇ ಇರಲಿ. ಬಳಸದ ಮೂರನೇ ಭಾಷೆ ಇದ್ದರೆ ಭಾಷೆ ಬದಲಿಸುವಾಗಲೆಲ್ಲ ಅದು ನಡುವೆ ಬಂದು ಕೂರುತ್ತದೆ. ಕನ್ನಡ ಸೇರಿಸುವಾಗ ಜಿಬೋರ್ಡ್ ನಿಮ್ಮ ಮುಂದೆ ಹಲವು ವಿನ್ಯಾಸ ಇಡುತ್ತದೆ: ಕನ್ನಡ ಅಕ್ಷರದ್ದು, ಲಿಪ್ಯಂತರದ್ದು, ಬೆರಳಿನಲ್ಲಿ ಗೀಚಿ ಬರೆಯುವುದು. ಬೇಕಾದದ್ದನ್ನು ಮಾತ್ರ ಆರಿಸಿ. ನುಡಿ ವಿನ್ಯಾಸವೇ ಬೇಕೆಂದರೆ ಅದನ್ನು ಕೊಡುವ ಬೇರೆ ಆ್ಯಪ್‌ಗಳು ಪ್ಲೇ ಸ್ಟೋರಿನಲ್ಲಿವೆ.

ಕನ್ನಡ ಅಕ್ಷರದ ವಿನ್ಯಾಸವನ್ನು ಒಂದು ವಾರವಾದರೂ ಬಳಸಿ ನೋಡಿ ಅನ್ನುವುದು ನನ್ನ ಶಿಫಾರಸು. ಮೊದಲ ದಿನ ಅಕ್ಷರ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಆಮೇಲೆ ಅದರ ಜಾಣತನ ಗೊತ್ತಾಗುತ್ತದೆ. ಕೆಲವು ಆ್ಯಪ್‌ಗಳಲ್ಲಿ ವ್ಯಂಜನ ಒತ್ತಿದ ಕೂಡಲೇ ಸ್ವರಗಳ ಸಾಲು ಕಾಗುಣಿತದ ಸಾಲಾಗಿ ಬದಲಾಗುತ್ತದೆ. ಇದು ಗಾಜಿನಿಂದ ಮಾತ್ರ ಸಾಧ್ಯ. ಅಕ್ಷರ ಒತ್ತಿ ಹಿಡಿದರೆ ಅದರ ಮಹಾಪ್ರಾಣವೋ ಒತ್ತಕ್ಷರವೋ ಮೇಲೆ ಬರುವ ವ್ಯವಸ್ಥೆಯೂ ಹಲವು ಕಡೆ ಇದೆ. ಇಂಗ್ಲಿಷ್ ಅಷ್ಟಾಗಿ ಬಾರದ, ಕನ್ನಡ ಶಾಲೆಯಲ್ಲಿ ಓದಿದ ಅಮ್ಮ, ಅಜ್ಜಿಯರಿಗೆ ಇದನ್ನೇ ಹಾಕಿಕೊಡಿ. ನಮಗೆ ಸುಲಭ ಅನಿಸಿದ ಲಿಪ್ಯಂತರವನ್ನು ಅವರ ಫೋನಿಗೆ ಹಾಕಿಕೊಟ್ಟು 'ಎಷ್ಟು ಹೇಳಿದರೂ ಕಲಿಯಲ್ಲ' ಅಂತ ಗೊಣಗುವುದು ನ್ಯಾಯವಲ್ಲ.

ಇನ್ನು ಚಿಕ್ಕಪುಟ್ಟ ಸೌಕರ್ಯಗಳು. ಕೀಬೋರ್ಡಿನ ಎತ್ತರವನ್ನು ಒಂದು ಹಂತ ಹೆಚ್ಚಿಸಿದರೆ ದಪ್ಪ ಬೆರಳಿನವರಿಗೆ ತಪ್ಪು ಕಡಿಮೆಯಾಗುತ್ತದೆ. ಜಿಬೋರ್ಡ್‌ನಲ್ಲಿ ಸ್ಪೇಸ್ ಪಟ್ಟಿಯ ಮೇಲೆ ಬೆರಳು ಎಡಕ್ಕೋ ಬಲಕ್ಕೋ ಜಾರಿಸಿದರೆ ಕರ್ಸರ್ ಸರಿಯುತ್ತದೆ. ಗಾಜಿಗೆ ಬೆರಳು ಚುಚ್ಚಿ ಚುಚ್ಚಿ ಕರ್ಸರ್ ಕೂರಿಸುವ ಒದ್ದಾಟ ತಪ್ಪಿತು. ಅಳಿಸುವ ಗುಂಡಿಯಿಂದ ಎಡಕ್ಕೆ ಜಾರಿಸಿದರೆ ಪೂರ್ತಿ ಪದಗಳೇ ಆಯ್ಕೆಯಾಗಿ ಅಳಿಯುತ್ತವೆ. ವೈಯಕ್ತಿಕ ನಿಘಂಟಿನಲ್ಲಿ ನಿಮ್ಮ ವಿಳಾಸ, ಸಂಘದ ಪೂರ್ತಿ ಹೆಸರು, ದಿನಾ ಬರೆಯುವ ಸಾಲು ಇವಕ್ಕೆ ಎರಡಕ್ಷರದ ಗುರುತು ಕೊಟ್ಟಿಡಿ; ಆ ಗುರುತು ಒತ್ತಿದರೆ ಪೂರ್ತಿ ಸಾಲು ಪಟ್ಟಿಯಲ್ಲಿ ಸಿಗುತ್ತದೆ.

ಅಳಿಸುವಾಗ ಒಂದು ವಿಷಯ ಗಮನದಲ್ಲಿರಲಿ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನಿನ ಒಳಗೆ ಅದು ಆರು ತುಂಡು. ಹಿಂದಕ್ಕೆ ಅಳಿಸಿದರೆ ಸಾಮಾನ್ಯವಾಗಿ ಒಂದೊಂದೇ ತುಂಡು ಹೋಗುತ್ತದೆ. ಮೊದಲು ದೀರ್ಘದ ಗುರುತು, ಆಮೇಲೆ ರ-ಒತ್ತು. ಹಾಗಾಗಿ ದೀರ್ಘ ತಪ್ಪಿದ್ದರೆ ಪದವನ್ನೇ ಅಳಿಸಬೇಕಿಲ್ಲ. ಒಂದು ಸಲ ಒತ್ತಿ, ಸರಿಯಾದ ಗುರುತು ಹಾಕಿದರೆ ಸಾಕು.

ಗಾಜು ಅಷ್ಟೇನೂ ನಿಧಾನವಲ್ಲ ಅನ್ನುವುದಕ್ಕೆ ಒಂದು ಲೆಕ್ಕ ಇದೆ. 2019ರಲ್ಲಿ ಫಿನ್‌ಲೆಂಡಿನ ಆಲ್ಟೊ, ಇಂಗ್ಲೆಂಡಿನ ಕೇಂಬ್ರಿಜ್, ಸ್ವಿಟ್ಜರ್ಲೆಂಡಿನ ಇಟಿಎಚ್ ವಿಶ್ವವಿದ್ಯಾಲಯಗಳ ಸಂಶೋಧಕರು 37,000 ಜನರ ಮೊಬೈಲ್ ಟೈಪಿಂಗ್ ಅಳೆದರು. ಸರಾಸರಿ ವೇಗ ನಿಮಿಷಕ್ಕೆ 36 ಪದ. ಅದಕ್ಕೆ ಒಂದು ವರ್ಷ ಮುಂಚೆ ಕಂಪ್ಯೂಟರ್ ಕೀಬೋರ್ಡಿನ ಮೇಲೆ ನಡೆದ ಇಂಥದೇ ಅಧ್ಯಯನದಲ್ಲಿ ಸರಾಸರಿ 52 ಬಂದಿತ್ತು. ಎರಡು ಹೆಬ್ಬೆರಳು ಬಳಸುವವರು ಒಂದೇ ಬೆರಳಿನವರಿಗಿಂತ ಮುಂದು. ತಪ್ಪನ್ನು ತಾನಾಗಿ ತಿದ್ದುವ ಸೌಲಭ್ಯ ಬಳಸಿದವರಿಗೆ ವೇಗ ಸಿಕ್ಕಿತ್ತು. ಆದರೆ ಮುಂದಿನ ಪದವನ್ನು ಪಟ್ಟಿಯಿಂದ ಆರಿಸುತ್ತಾ ಹೋದವರು ನಿಧಾನವಾಗಿದ್ದರು. ನೋಡುವುದು, ಯೋಚಿಸುವುದು, ಆರಿಸುವುದು – ಇದರಲ್ಲೇ ಹೊತ್ತು ಹೋಗುತ್ತದೆ. ಅವರು ಟೈಪ್ ಮಾಡಿದ್ದು ಇಂಗ್ಲಿಷ್ ವಾಕ್ಯಗಳನ್ನು. ಪ್ರತಿ ಪದಕ್ಕೂ ಪಟ್ಟಿ ನೋಡಲೇಬೇಕಾದ ನಮ್ಮ ಲಿಪ್ಯಂತರಕ್ಕೆ ಈ ಕೊನೆಯ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ ಅಂತ ನನಗನಿಸುತ್ತದೆ.

ಹೆಜ್ಜೆ 4: ಬಾಯಲ್ಲಿ ಹೇಳಿ ನೋಡಿ

ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿದ್ದು 2017ರಲ್ಲಿ. ಮೈಕ್ ಗುರುತು ಒತ್ತಿ ಮಾತಾಡಿದರೆ ಅಕ್ಷರ ಬರುತ್ತದೆ. ಮನೆಯಲ್ಲಿ ಒಬ್ಬರೇ ಇದ್ದಾಗ ಕರಡು ಮಾಡಿಕೊಳ್ಳಲು ಇದಕ್ಕಿಂತ ಬೇಗದ ದಾರಿ ಇಲ್ಲ. ಗದ್ದಲದಲ್ಲಿ ಕೆಲಸಕ್ಕೆ ಬರುವುದಿಲ್ಲ, ಗುಟ್ಟಿನ ವಿಷಯಕ್ಕಂತೂ ಬೇಡ. ಪೂರ್ಣವಿರಾಮ, ಪ್ಯಾರಾ ಎಲ್ಲ ಆಮೇಲೆ ಕೈಯಲ್ಲೇ ಹಾಕಬೇಕು. ಹೆಬ್ಬೆರಳ ನೋವಿಗಾಗಿ ಕೀಬೋರ್ಡ್ ಹುಡುಕುತ್ತಿರುವವರು ಮೊದಲು ಇದನ್ನು ಪ್ರಯತ್ನಿಸಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಹೆಜ್ಜೆ 5: ಕೊಳ್ಳುವ ಮುಂಚೆ ಪುಕ್ಕಟೆ ಪರೀಕ್ಷೆ

ಇಷ್ಟಾದ ಮೇಲೂ ಗುಂಡಿಯೇ ಬೇಕು ಅನಿಸಿದರೆ, ಕಂಪ್ಯೂಟರಿಗೆ ಹಾಕುವ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಒಂದನ್ನು ಎರವಲು ತನ್ನಿ. ಒಟಿಜಿ ಅಡಾಪ್ಟರ್ (ಯುಎಸ್‌ಬಿ ಸಾಮಾನನ್ನು ಫೋನಿನ ಚಾರ್ಜಿಂಗ್ ಕಿಂಡಿಗೆ ಜೋಡಿಸುವ ಪುಟ್ಟ ತುಂಡು) ಮೂಲಕ ಫೋನಿಗೆ ಚುಚ್ಚಿ. ಒಟಿಜಿ ಇರುವ ಆಂಡ್ರಾಯ್ಡ್ ಫೋನಿನಲ್ಲಿ ಅದು ತಕ್ಷಣ ಕೆಲಸ ಮಾಡುತ್ತದೆ. ಬ್ಲೂಟೂತ್ ಕೀಬೋರ್ಡ್ ಕೊಂಡರೂ ಒಳಗೆ ನಡೆಯುವುದು ಇದೇ. ಹಾಗಾಗಿ ಈ ಪರೀಕ್ಷೆಯಲ್ಲಿ ಏನು ಬರುತ್ತದೋ ಕೊಂಡ ಮೇಲೂ ಅದೇ ಬರುತ್ತದೆ.

ಈಗ ಬರೆಯುವ ಆ್ಯಪ್ ತೆರೆದು, ಕನ್ನಡ ಆರಿಸಿ, ನುಡಿಯಲ್ಲಿ 'ಕನ್ನಡ' ಒತ್ತಿ. ಕನ್ನಡ ಬಂತಾ? ಒಳ್ಳೆಯದು. ಬಹಳ ಜನರಿಗೆ ಇಲ್ಲೇ ನಿರಾಸೆ ಕಾದಿರುತ್ತದೆ. ಪರದೆಯಲ್ಲಿ ಬರುವುದು ಐದು ಇಂಗ್ಲಿಷ್ ಅಕ್ಷರ. ಕಾರಣ ಇಷ್ಟೇ: ಅನೇಕ ಕನ್ನಡ ಆ್ಯಪ್‌ಗಳು ನೋಡಿಕೊಳ್ಳುವುದು ಗಾಜಿನ ಮೇಲಿನ ಗುಂಡಿಗಳನ್ನು ಮಾತ್ರ. ಹೊರಗಿನ ಕೀಬೋರ್ಡಿನಿಂದ ಬಂದದ್ದನ್ನು ಅವು ಮುಟ್ಟುವುದಿಲ್ಲ, ಹಾಗೇ ದಾಟಿಸಿಬಿಡುತ್ತವೆ.

ಆಗ ಎರಡು ಕಡೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಕೀಬೋರ್ಡ್ ಅಥವಾ ಭಾಷೆ ಮತ್ತು ಇನ್‌ಪುಟ್, ಅದರೊಳಗೆ ಫಿಸಿಕಲ್ ಕೀಬೋರ್ಡ್. ಹೆಸರುಗಳು ಫೋನಿನಿಂದ ಫೋನಿಗೆ ಸ್ವಲ್ಪ ಬದಲಾಗುತ್ತವೆ. ಕೀಬೋರ್ಡ್ ಜೋಡಿಸಿರುವಾಗ ಮಾತ್ರ ಅಲ್ಲಿ ಅದರ ಹೆಸರು ಕಾಣುತ್ತದೆ. ಅದನ್ನು ಒತ್ತಿದರೆ ವಿನ್ಯಾಸಗಳ ಪಟ್ಟಿ ಬರುತ್ತದೆ. ಕನ್ನಡ ಇದ್ದರೆ ಆರಿಸಿ. ಇಲ್ಲದಿದ್ದರೆ ಹೊರಗಿನ ಕೀಬೋರ್ಡಿಗೂ ಕನ್ನಡ ಕೊಡುತ್ತೇವೆ ಎಂದು ವಿವರಣೆಯಲ್ಲಿ ಬರೆದಿರುವ ಆ್ಯಪ್ ಹುಡುಕಿ, ಹಾಕಿ, ಮತ್ತೆ ಪರೀಕ್ಷಿಸಿ. ಅದೇ ಜಾಗದಲ್ಲಿ, ಗುಂಡಿ ಜೋಡಿಸಿದಾಗಲೂ ಪರದೆಯ ಕೀಬೋರ್ಡ್ ತೋರಿಸು ಎಂಬ ಆಯ್ಕೆ ಇರುತ್ತದೆ. ಇಮೋಜಿ ಬೇಕೆನ್ನುವವರು ಅದನ್ನು ಆನ್ ಮಾಡಿಡಿ.

ಕನ್ನಡ ವಿಕಿಪೀಡಿಯಕ್ಕೆ ಬರೆಯುವವರಿಗೆ ಒಂದು ಅನುಕೂಲ ಇದೆ. ಅದರ ಡೆಸ್ಕ್‌ಟಾಪ್ ನೋಟದಲ್ಲಿ ಬರೆಯುವ ಪೆಟ್ಟಿಗೆಗೇ ಕನ್ನಡ ಕೀಲಿಮಣೆ ಅಳವಡಿಸಿದ್ದಾರೆ. ಲಿಪ್ಯಂತರ, ಇನ್‌ಸ್ಕ್ರಿಪ್ಟ್, ನುಡಿ ಮೂರೂ ಇವೆ.

ಪರೀಕ್ಷೆ ಒಂದೇ ಪದಕ್ಕೆ ಮುಗಿಸಬೇಡಿ. 'ರಾಜ್‌ಕುಮಾರ್' ಬರೆಯಿರಿ. ಜ ಕೆಳಗೆ ಕ-ಒತ್ತು ಬಂದು 'ರಾಜ್ಕುಮಾರ್' ಆಯಿತಾ? ಎರಡನ್ನೂ ಬಿಡಿಸಿ ಇಡಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಕೆಲವು ಆ್ಯಪ್‌ಗಳಲ್ಲಿ ಅದಕ್ಕೊಂದು ಗುಂಡಿ ಇದೆ, ಕೆಲವದರಲ್ಲಿ ಇಲ್ಲ. ಇಂಗ್ಲಿಷ್ ಹೆಸರುಗಳನ್ನು, ಊರುಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಇದು ದಿನಾ ಬೇಕು. ಹಾಗೇ 'ರ‍್ಯಾಲಿ' ಬರೆದು ನೋಡಿ, ಅರ್ಕಾವೊತ್ತಾಗಿ ಹೋಗಬಾರದು. ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರಲು ಗುಂಡಿಯಲ್ಲೇ ದಾರಿ ಇದೆಯಾ ಅಥವಾ ಪ್ರತಿ ಸಲ ಪರದೆ ಮುಟ್ಟಬೇಕಾ ಅನ್ನುವುದನ್ನೂ ನೋಡಿಕೊಳ್ಳಿ.

ಇಷ್ಟರಲ್ಲಿ ಕನ್ನಡ ಬರಲೇ ಇಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ. ಹೊಸ ಕೀಬೋರ್ಡ್ ಅದನ್ನು ಸರಿಮಾಡುವುದಿಲ್ಲ.

ಹೆಜ್ಜೆ 6: ಕೊಳ್ಳುವಾಗ

ಮಡಚುವ ಕೀಬೋರ್ಡ್ ನೋಡಲು ಮುದ್ದಾಗಿರುತ್ತದೆ. ಆದರೆ ಕೆಲವದರಲ್ಲಿ ಮಡಿಕೆ ಬರುವ ನಡುಭಾಗದಲ್ಲಿ ಗುಂಡಿಗಳು ದೂರ ಸರಿದಿರುತ್ತವೆ, ಒಂದೆರಡು ಅಡ್ಡಾದಿಡ್ಡಿ ಆಕಾರದಲ್ಲಿರುತ್ತವೆ. ತೊಡೆಯ ಮೇಲಿಟ್ಟರೆ ನಡುವೆ ಕುಸಿಯುತ್ತದೆ. ಮೇಜು ಇಲ್ಲದವರಿಗೆ ಬೇಡ.

ನಮಗೆ ಶಿಫ್ಟ್ ಎಷ್ಟು ಬೇಕು ಅಂತ ಆಗಲೇ ಹೇಳಿದೆನಲ್ಲ. ಎರಡೂ ಬದಿಯ ಶಿಫ್ಟ್ ಗುಂಡಿ ದೊಡ್ಡದಾಗಿರಬೇಕು. ಸಣ್ಣ ಕೀಬೋರ್ಡುಗಳಲ್ಲಿ ಬಲಗಡೆಯ ಶಿಫ್ಟನ್ನು ಕಿರಿದು ಮಾಡಿ ಪಕ್ಕದಲ್ಲಿ ಬಾಣದ ಗುಂಡಿ ತುರುಕಿರುತ್ತಾರೆ. ದೀರ್ಘ ಒತ್ತಲು ಹೋಗಿ ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ಇನ್‌ಸ್ಕ್ರಿಪ್ಟ್‌ನವರು ಬಲಗಡೆಯ ಅಂಚಿನ ಗುಂಡಿಗಳನ್ನು ನೋಡಬೇಕು. ಚ, ಟ, ಡ ಎಲ್ಲ ಇಂಗ್ಲಿಷಿನ ವಿರಾಮಚಿಹ್ನೆ, ಆವರಣಚಿಹ್ನೆಗಳ ಗುಂಡಿಯಲ್ಲಿ ಇರುತ್ತವೆ. ಆ ಗುಂಡಿಗಳನ್ನು ಕತ್ತರಿಸಿದ ಅಥವಾ ಬೇರೆ ಕಡೆ ಸರಿಸಿದ ಕೀಬೋರ್ಡ್ ಇನ್‌ಸ್ಕ್ರಿಪ್ಟ್‌ಗೆ ಸುಮ್ನೆ ದಂಡ.

ಎರಡು ಮೂರು ಸಾಧನಗಳಿಗೆ ಜೋಡಿಸಿ, ಒಂದು ಗುಂಡಿಯಲ್ಲಿ ಬದಲಿಸುವಂಥದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ. ಫೋನ್, ಟ್ಯಾಬ್, ಕಂಪ್ಯೂಟರ್ ಮೂರಕ್ಕೂ ಅದೇ ಆಗುತ್ತದೆ. ಟ್ಯಾಬಿಗೆ ಕವರಿನಂತೆ ಅಂಟಿಕೊಳ್ಳುವ ಕೀಬೋರ್ಡ್ ಒಯ್ಯಲು ಹಿತ, ಆದರೆ ಟ್ಯಾಬ್ ಬದಲಾದರೆ ಅದೂ ಮೂಲೆಗೆ. ಸೆಲ್ ಹಾಕುವುದೋ ಚಾರ್ಜ್ ಮಾಡುವುದೋ ಅನ್ನುವುದು ಅವರವರ ಇಷ್ಟ. ಹಳ್ಳಿ ಕಡೆ ಓಡಾಡುವವರಿಗೆ ಯಾವ ಅಂಗಡಿಯಲ್ಲೂ ಸಿಗುವ ಸೆಲ್ಲೇ ಮೇಲು.

ಗುಂಡಿ ಇರುವ ಫೋನನ್ನೇ ಕೊಂಡರೆ ಹೇಗೆ? ಚೀನಾದ ಯೂನಿಹರ್ಟ್ಜ್ ಕಂಪನಿಯ ಟೈಟನ್ ಫೋನುಗಳಿವೆ. ಐಫೋನಿಗೆ ಕೆಳಗಿನಿಂದ ತೊಡಿಸುವ ಕ್ಲಿಕ್ಸ್ ಕೀಬೋರ್ಡ್ 2024ರಲ್ಲಿ ಬಂತು. ಬ್ಲ್ಯಾಕ್‌ಬೆರಿಯ ಹಂಬಲ ಇರುವವರಿಗೆ ಇವು ಸರಿ. ಕನ್ನಡಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಐದನೇ ಹೆಜ್ಜೆಯ ತೊಡಕು ಇಲ್ಲೂ ಇದೆ. ಅದರ ಮೇಲೆ ಹೆಬ್ಬೆರಳಿನಲ್ಲಿ ಒತ್ತುವ ಪುಟ್ಟ ಗುಂಡಿಗಳಲ್ಲಿ ಶಿಫ್ಟ್ ಕೆಲಸವೂ ಹೆಬ್ಬೆರಳಿಗೇ ಬೀಳುತ್ತದೆ. ಹತ್ತು ಬೆರಳಿನ ಲಾಭವೂ ಇಲ್ಲ, ಅಕ್ಷರ ಬದಲಾಗುವ ಗಾಜಿನ ಲಾಭವೂ ಇಲ್ಲ.

ಹೆಜ್ಜೆ 7: ಜೋಡಿಸಿ, ಕೈ ಕೂರಿಸಿ

ಕೀಬೋರ್ಡಿನ ಜೋಡಣೆ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿಯಿರಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಬಂದಾಗ ಒತ್ತಿ. ಕೆಲವು ಸಲ ಫೋನು ಅಂಕೆಗಳ ಸಂಖ್ಯೆಯೊಂದನ್ನು ತೋರಿಸುತ್ತದೆ. ಅದನ್ನು ಟೈಪ್ ಮಾಡಬೇಕಾದದ್ದು ಫೋನಿನಲ್ಲಲ್ಲ, ಹೊಸ ಕೀಬೋರ್ಡಿನಲ್ಲಿ. ಕೊನೆಗೆ ಎಂಟರ್. ಗೊಂದಲ ಆಗುವುದು ಇಲ್ಲೇ. ಸ್ವಲ್ಪ ಹೊತ್ತು ಬಳಸದಿದ್ದರೆ ಕೀಬೋರ್ಡ್ ನಿದ್ದೆ ಹೋಗುತ್ತದೆ. ಮತ್ತೆ ಶುರುಮಾಡುವಾಗ ಮೊದಲ ಒಂದೆರಡು ಅಕ್ಷರ ಬರದೇ ಇರಬಹುದು. ಕೆಟ್ಟಿದೆ ಅಂದುಕೊಳ್ಳಬೇಡಿ. ಶಿಫ್ಟ್ ಒಮ್ಮೆ ಒತ್ತಿ ಎಬ್ಬಿಸಿ, ಆಮೇಲೆ ಬರೆಯಿರಿ.

ನುಡಿ ಹೊಸದಾಗಿ ಕಲಿಯುವವರು ಗುಂಡಿಗಳಿಗೆ ಕನ್ನಡ ಸ್ಟಿಕರ್ ಅಂಟಿಸುವುದು ಬೇಡ. ಕಣ್ಣು ಕೆಳಗೇ ನೆಟ್ಟುಬಿಡುತ್ತದೆ. ವಿನ್ಯಾಸದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಪರದೆಯ ಪಕ್ಕ ಇಟ್ಟುಕೊಳ್ಳಿ. ಮೊದಲು ಒತ್ತಕ್ಷರದ 'ಎಫ್' ಕೈಗೆ ಕೂರಲಿ. ಅಕ್ಕ, ಅಣ್ಣ, ಅಪ್ಪ, ಅಮ್ಮ, ಹಳ್ಳಿ, ಬೆಲ್ಲ – ಸಜಾತಿ ಒತ್ತುಗಳನ್ನೇ ಒಂದು ಸಂಜೆ ಬರೆಯಿರಿ. ಮಾರನೇ ದಿನದಿಂದ ಟ, ಡ ಎರಡನ್ನು ಹಿಡಿಯಿರಿ. ಅವು ಸದ್ದಿಗೆ ಹೊಂದದ 'ಕ್ಯೂ', 'ಡಬ್ಲ್ಯು' ಗುಂಡಿಗಳಲ್ಲಿರುವುದರಿಂದ ಎಲ್ಲರೂ ಎಡವುವುದು ಅಲ್ಲೇ. ಆಮೇಲೆ ದಿನಕ್ಕೊಂದು ಪತ್ರಿಕೆಯ ಪ್ಯಾರಾ ನೋಡಿ ಟೈಪ್ ಮಾಡಿ. ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ಅಲ್ಪಪ್ರಾಣವೆಲ್ಲ ಮಹಾಪ್ರಾಣವಾಗಿ ಬರುತ್ತದೆ. ವಿಚಿತ್ರ ಅಕ್ಷರ ಬರತೊಡಗಿದರೆ ಮೊದಲು ಆ ದೀಪ ನೋಡಿ.

ಹಳೆಯ ನುಡಿ ಕಡತಗಳು ಇರುವವರಿಗೆ ಒಂದು ಎಚ್ಚರಿಕೆ. ಯೂನಿಕೋಡ್‌ಗೆ (ಈಗ ಎಲ್ಲ ಸಾಧನಗಳೂ ಬಳಸುವ ಅಕ್ಷರ ಸಂಕೇತಕ್ಕೆ) ಮುಂಚಿನ ನುಡಿ ಅಕ್ಷರಗಳಲ್ಲಿ ಮಾಡಿದ ಕಡತ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಂಡೇ ಫೋನಿಗೆ ತನ್ನಿ. ಫೋನಿನಲ್ಲಿ ಹೊಸದಾಗಿ ಬರೆಯುವುದೆಲ್ಲ ಯೂನಿಕೋಡೇ, ಆ ಚಿಂತೆ ಬೇಡ.

ಗುಂಡಿ ಬಂದ ಮೇಲೆ ಕಂಟ್ರೋಲ್ ಗುಂಡಿಯನ್ನು ಮರೆಯಬೇಡಿ. ಕಂಟ್ರೋಲ್ ಜೊತೆ 'ಸಿ' (ನಕಲು), 'ವಿ' (ಅಂಟಿಸು), 'ಝಡ್' (ಮಾಡಿದ್ದನ್ನು ರದ್ದು) ಫೋನಿನಲ್ಲೂ ಹೆಚ್ಚಿನ ಆ್ಯಪ್‌ಗಳಲ್ಲಿ ನಡೆಯುತ್ತವೆ. ಶಿಫ್ಟ್ ಹಿಡಿದು ಬಾಣದ ಗುಂಡಿ ಒತ್ತಿದರೆ ಪಠ್ಯ ಆಯ್ಕೆಯಾಗುತ್ತದೆ. ಒಂದು ಪ್ಯಾರಾವನ್ನು ಎತ್ತಿ ಇನ್ನೊಂದು ಕಡೆ ಇಡಲು ಗಾಜಿನ ಮೇಲೆ ಬೆರಳಿನಲ್ಲಿ ಪಡುವ ಪಾಡು ಗೊತ್ತಲ್ಲ, ಇಲ್ಲಿ ಅದು ನಾಲ್ಕು ಒತ್ತಿನ ಕೆಲಸ. ಕನ್ನಡ ಆ್ಯಪ್ ಆನ್ ಇರುವಾಗ ಕಂಟ್ರೋಲ್ ಜೊತೆ ಒತ್ತಿದ ಗುಂಡಿಗೆ ಕನ್ನಡ ಅಕ್ಷರವೇ ಬಿದ್ದರೆ, ಒಮ್ಮೆ ಇಂಗ್ಲಿಷಿಗೆ ಬದಲಿಸಿ ಆ ಕೆಲಸ ಮುಗಿಸಿಕೊಂಡು ವಾಪಸ್ ಬನ್ನಿ.